ಹಳೇ ಸ್ಪೋರ್ಟ್ಸ್ ಕಾರಿನ ಎಬಿಎಸ್ ದೋಷ: ಲೈಟ್ ಯಾವಾಗ ಹೊತ್ತಿತು ಅಂತ ಮೊದಲು ನೋಡಿ

ಕೊಡಗಿನ ಕೈಲು ಮುಹೂರ್ತ ಹಬ್ಬ ಮುಗಿದು ಎರಡು ವಾರ ಆಗಿತ್ತು. ಮಳೆ ಬಿಟ್ಟಿತ್ತು. ಮಡಿಕೇರಿಯಿಂದ ಸಂಜೆ ವಾಪಸ್ ಬಂದು ತೋಟದ ಗೇಟಿನ ಮುಂದೆ ಕಾರು ನಿಲ್ಲಿಸುತ್ತಿದ್ದೆ. ರಸ್ತೆ ಒಣಗಿತ್ತು. ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟಿದ್ದೆ ಅಷ್ಟೇ. ಇನ್ನೇನು ನಿಲ್ಲಬೇಕು ಅನ್ನುವಾಗ ಪೆಡಲ್ ಕಾಲಡಿಯಲ್ಲಿ ಗರಗರ ಅಂತ ನಡುಗಿತು. ಕಾರು ನಿಲ್ಲಬೇಕಾದ ಜಾಗ ಬಿಟ್ಟು ಒಂದು ಮೊಳ ಮುಂದೆ ಹೋಗಿ ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಇಲ್ಲ.

ಕಾರು 1999ರ ಮಾಡೆಲ್. ಎರಡೇ ಸೀಟು, ಹಿಂದಿನ ಚಕ್ರಕ್ಕೆ ಡ್ರೈವ್. ದೊಡ್ಡಪ್ಪ ಪ್ರೀತಿಯಿಂದ ಸಾಕಿಕೊಂಡಿದ್ದ ಕಾರು, ಈಗ ನನ್ನ ಕೈಯಲ್ಲಿದೆ. ಗೇಟಿನ ಮುಂದೆ ಶುರುವಾದ ಆ ಗರಗರದ ಕಾರಣ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಮಧ್ಯೆ ಒಂದು ವರ್ಕ್‌ಶಾಪಿನವರು ಪೂರ್ತಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ, ಅಂದರೆ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಯೂನಿಟ್ ಬದಲಿಸಬೇಕು ಅಂದರು. ಅದು ಲಕ್ಷದ ಮೇಲಿನ ಮಾತು. ಕೊನೆಗೆ ಕೆಟ್ಟಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಬ್ಬಿಣದ ಬಳೆ. ಕೊಡಗಿನ ಮಳೆ, ಕೆಸರು, ತೋಟದ ಶೆಡ್ಡು ಇವುಗಳ ನಡುವೆ ಹಳೇ ಕಾರು ಇಟ್ಟುಕೊಂಡವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಎಬಿಎಸ್ ಏನು ನೋಡುತ್ತದೆ

1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನಲ್ಲಿ ಬಂತು. ಇವತ್ತಿಗೂ ಕೆಲಸದ ರೀತಿ ಹೆಚ್ಚುಕಡಿಮೆ ಅದೇ. ನಾಲ್ಕು ಚಕ್ರದ ಹತ್ತಿರ ನಾಲ್ಕು ಸೆನ್ಸರ್. ಪ್ರತಿ ಸೆನ್ಸರಿನ ಎದುರು ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್. ಹಲ್ಲು ಹಾದುಹೋದಂತೆಲ್ಲ ಸೆನ್ಸರ್ ಸಿಗ್ನಲ್ ಕಳಿಸುತ್ತದೆ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ತಟ್ಟನೆ ನಿಧಾನವಾದರೆ ಅದು ಲಾಕ್ ಆಗುತ್ತಿದೆ ಅಂತ ಯೂನಿಟ್ ತಿಳಿಯುತ್ತದೆ. ಆ ಚಕ್ರದ ಬ್ರೇಕ್ ಒತ್ತಡವನ್ನು ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುತ್ತದೆ. ಪೆಡಲ್ ನಡುಗುವುದು ಅದಕ್ಕೇ.

ಇಲ್ಲೊಂದು ಸೂಕ್ಷ್ಮ ಇದೆ. ಯೂನಿಟ್ಟಿಗೆ ಚಕ್ರ ಕಾಣುವುದಿಲ್ಲ, ಸಿಗ್ನಲ್ ಮಾತ್ರ ಕಾಣುತ್ತದೆ. ಸಿಗ್ನಲ್ ಸುಳ್ಳು ಹೇಳಿದರೆ ಅದೂ ತಪ್ಪು ಕೆಲಸ ಮಾಡುತ್ತದೆ. ಹಳೇ ಕಾರಿನಲ್ಲಿ ಸುಳ್ಳು ಸಿಗ್ನಲ್ ಹುಟ್ಟುವುದು ಬಹಳ ಸಲ ಚಕ್ರದ ಹತ್ತಿರವೇ. ನೀರು, ಕೆಸರು, ತುಕ್ಕು ಎಲ್ಲ ಬೀಳುವ ಜಾಗ ಅದೇ ಅಲ್ವಾ.

ಓಡಿಸಬಹುದೋ ಬೇಡವೋ

ಹಳದಿ ಎಬಿಎಸ್ ಲೈಟ್ ಮಾತ್ರ ಹೊತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಲಾಕ್ ತಡೆಯುವ ಕೆಲಸ ಮಾತ್ರ ಇರುವುದಿಲ್ಲ. ಕೆಂಪು ಬ್ರೇಕ್ ಲೈಟೂ ಜೊತೆಗೆ ಹೊತ್ತಿದರೆ ಅಲ್ಲೇ ನಿಲ್ಲಿಸಿ. ಬ್ರೇಕ್ ಆಯಿಲ್ ಇಳಿದಿರಬಹುದು. ಅಥವಾ ಹಿಂದಿನ ಚಕ್ರದ ಬ್ರೇಕ್ ಒತ್ತಡ ಹಂಚುವ ಕೆಲಸವೂ ನಿಂತಿರಬಹುದು. ಹಾಗಾದರೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರಿನ ಬಾಲ ತಿರುಗುತ್ತದೆ.

ಹಳದಿ ಲೈಟ್ ಒಂದೇ ಇದ್ದರೂ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯಬೇಡಿ. ಮಾಕುಟ್ಟದ ಕಡೆಯೂ ಬೇಡ. ಒದ್ದೆ ತಿರುವಿನಲ್ಲಿ, ಎದುರಿಗೆ ಬಸ್ಸು ಬಂದಾಗ, ಎಷ್ಟೇ ಅನುಭವ ಇದ್ದರೂ ಕಾಲು ತಾನಾಗಿ ಪೆಡಲನ್ನು ಗಟ್ಟಿಯಾಗಿ ಒತ್ತಿಬಿಡುತ್ತದೆ.

ನನಗೆ ಬಂದಂತೆ ಲೈಟ್ ಇಲ್ಲದೆ ಪೆಡಲ್ ನಡುಗಿದರೆ ಅದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಯಾಕೆಂದರೆ ಬೇಡದ ಹೊತ್ತಿನಲ್ಲಿ ಬ್ರೇಕಿನ ಒತ್ತಡ ಬಿಟ್ಟುಹೋಗುತ್ತಿದೆ ಅಂತ ಅರ್ಥ. ಗೇಟಿನ ಮುಂದೆ ಒಂದು ಮೊಳ ಜಾರಿದ್ದು ಮಡಿಕೇರಿ ಪೇಟೆಯ ಇಳಿಜಾರಿನಲ್ಲಿ ಮುಂದಿನ ಸ್ಕೂಟರಿನ ಹಿಂದೆ ಆಗಿದ್ದರೆ ಏನು ಗತಿ?

ಲೈಟ್ ಹೊತ್ತುವ ಹೊತ್ತು

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಸ್ಪ್ಯಾನರ್ ಬೇಡ, ಕರೆಂಟ್ ಅಳೆಯುವ ಮೀಟರ್ ಬೇಡ. ಸೀಟಿನಲ್ಲಿ ಕೂತು ನೋಡಿದರೆ ಸಾಕು.

ಕೀ ತಿರುಗಿಸಿ. ಎಬಿಎಸ್ ಲೈಟ್ ಹೊತ್ತಬೇಕು, ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ಬೇಕಂತಲೇ ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಈ ಲೈಟನ್ನು ಮರೆಯದೆ ನೋಡಿ. ಬಲ್ಬ್ ಕಿತ್ತು ಕಾರು ಮಾರುವವರು ಇದ್ದಾರೆ.

ಹೊತ್ತಿದ್ದು ಆರುವುದೇ ಇಲ್ಲ, ಕಾರು ಇನ್ನೂ ನಿಂತಲ್ಲೇ ಇದೆ ಅಂದರೆ ಕರೆಂಟಿನ ಕಡೆ ಹುಡುಕಿ: ಫ್ಯೂಸ್, ರಿಲೇ, ಅರ್ತ್, ಬ್ಯಾಟರಿ, ತುಂಡಾದ ಸೆನ್ಸರ್ ವೈರ್, ಇಲ್ಲವೇ ಯೂನಿಟ್ ಒಳಗಿನ ತೊಂದರೆ. ಚಕ್ರ ತಿರುಗದೆಯೇ ಯೂನಿಟ್ ಪರೀಕ್ಷೆ ಮಾಡುವ ಸಂಗತಿಗಳು ಇವು.

ಲೈಟ್ ಆರಿತು, ಕಾರು ಹೊರಟು ಸ್ವಲ್ಪ ವೇಗ ಹಿಡಿದ ಮೇಲೆ ಮತ್ತೆ ಹೊತ್ತಿತು ಅಂದರೆ ಚಕ್ರದ ಸಿಗ್ನಲ್ ಕಡೆ ನೋಡಬೇಕು. ಒಂದು ಚಕ್ರದ ಸಿಗ್ನಲ್ ಬರುತ್ತಿಲ್ಲ, ಅಥವಾ ಬಂದದ್ದು ಉಳಿದ ಮೂರಕ್ಕೆ ಹೊಂದುತ್ತಿಲ್ಲ. ಹಲವು ಕಾರುಗಳಲ್ಲಿ ಹೊರಟ ಕೂಡಲೇ ಪಂಪ್ ಒಂದು ಕ್ಷಣ 'ಝುಂ' ಅಂತ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಸರಿಯಾಗಿ ಆ ಸದ್ದಿನ ಹೊತ್ತಿಗೇ ಲೈಟ್ ಬಂದರೆ ಪಂಪ್, ಅದರ ರಿಲೇ, ಅದರ ದೊಡ್ಡ ಫ್ಯೂಸ್ ನೋಡಿ.

ಮಳೆ ಬಂದಾಗ ಮಾತ್ರ, ಗುಂಡಿ ಹಾರಿದಾಗ ಮಾತ್ರ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಹೊತ್ತುತ್ತದೆಯಾ? ಅದನ್ನೂ ಬರೆದಿಡಿ. ಸ್ಟಿಯರಿಂಗ್ ತಿರುಗಿಸಿದಾಗ ಬಂದರೆ ಮುಂದಿನ ಚಕ್ರದ ವೈರ್ ಎಳೆದು ಎಳೆದು ಒಳಗೆ ಕಡಿದಿರುವ ಸಾಧ್ಯತೆ ಜಾಸ್ತಿ. ನಾನು ಗ್ಲೋವ್ ಬಾಕ್ಸಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟಿದ್ದೆ. ದಿನ, ಮಳೆಯೋ ಬಿಸಿಲೋ, ಎಷ್ಟು ವೇಗ, ಎಡಕ್ಕೋ ಬಲಕ್ಕೋ, ಇಷ್ಟೇ. ಹತ್ತು ದಿನಕ್ಕೆ ಪುಟ ತುಂಬಿತು. ಎಲ್ಲ ಸಲವೂ ಪೆಡಲ್ ನಡುಗಿದ್ದು ನಿಲ್ಲುವ ಮುಂಚಿನ ಕೊನೆಯ ಗಳಿಗೆ, 10 ಕಿಮೀ ವೇಗಕ್ಕಿಂತ ಕಡಿಮೆ. ಮಳೆಗೂ ತಿರುವಿಗೂ ಸಂಬಂಧವೇ ಇರಲಿಲ್ಲ. ವರ್ಕ್‌ಶಾಪಿಗೆ ಹೋಗುವ ಮೊದಲೇ ಆ ಪುಟವನ್ನು ಸರಿಯಾಗಿ ಓದಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು.

ಸುಲಭದ್ದು ಮೊದಲು

ಬ್ಯಾಟರಿ ನೋಡಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿದಿರುತ್ತದೆ. ವೋಲ್ಟೇಜ್ ತೀರಾ ಕಡಿಮೆಯಾದರೆ ಎಬಿಎಸ್ ತಾನೇ ಕೈಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಸಿಗಬೇಕು.

ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಕಿತ್ತು ಮೀಟರಿನಲ್ಲಿ ನೋಡಿ. ಎಬಿಎಸ್‌ಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫ್ಯೂಸ್ ಇರುತ್ತದೆ. ಪಂಪಿಗೆ ದೊಡ್ಡದು, ಯೂನಿಟ್ಟಿನ ಒಳಗಿನ ಬುದ್ಧಿಗೆ ಸಣ್ಣದು. ಒಂದನ್ನು ನೋಡಿ ಸರಿ ಇದೆ ಅಂದುಕೊಂಡು ಇನ್ನೊಂದನ್ನು ಮರೆಯುವುದು ಸುಲಭ.

ಅರ್ತ್ ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಓಡಲಿ, ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಬಿಎಸ್ ಯೂನಿಟ್ಟಿನ ಅರ್ತ್ ಬೋಲ್ಟ್ ಮೇಲೆ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಆ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು ಕೂರಿಸಿ.

ಟೈರ್ ನಾಲ್ಕೂ ಕಾರಿಗೆ ಹೇಳಿದ ಅಳತೆಯದ್ದೇ ಇರಬೇಕು. ಸ್ಪೋರ್ಟ್ಸ್ ಕಾರಿಗೆ ಹಿಂದೆ ಅಗಲದ ಟೈರ್ ಇರಬಹುದು, ಅದು ಕಂಪನಿಯೇ ಲೆಕ್ಕ ಹಾಕಿ ಕೊಟ್ಟದ್ದು. ನಾವು ಸಿಕ್ಕಿದ ಸೈಜ್ ಹಾಕಿದರೆ ಚಕ್ರದ ಸುತ್ತಳತೆ ಬದಲಾಗಿ ಯೂನಿಟ್ಟಿನ ಲೆಕ್ಕ ತಪ್ಪುತ್ತದೆ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಇದೇ ಪ್ರಾಣಕ್ಕೆ ಬರುವುದು. ಅದೇ ನೀರು ಎಬಿಎಸ್ ಯೂನಿಟ್ ಒಳಗಿನ ಸಣ್ಣ ವಾಲ್ವುಗಳಿಗೂ ತುಕ್ಕು ಹಿಡಿಸುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ತೇವದಲ್ಲೇ ಇರುವ ನಾವು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ಡಬ್ಬಿಯ ಮೇಲೆ ಬರೀ ಡಾಟ್ 5 ಅಂತ ಇದ್ದರೆ ಅದು ಸಿಲಿಕೋನ್, ಎಬಿಎಸ್ ಕಾರಿಗೆ ಹಾಕಬೇಡಿ. ಡಾಟ್ 5.1 ಬೇರೆಯದ್ದು, ಅದು ಸಿಲಿಕೋನ್ ಅಲ್ಲ.

ಶೆಡ್ಡು, ಇಲಿ, ಗೊಬ್ಬರ

ಹಿಂದಿನ ವರ್ಷ ಕಕ್ಕಡ ತಿಂಗಳಲ್ಲಿ ನಮ್ಮ ಕಾರಿನ ಎಡ ಮುಂದಿನ ಸೆನ್ಸರ್ ವೈರನ್ನು ಇಲಿ ಕಡಿದಿತ್ತು. ಜೋರು ಮಳೆಯಲ್ಲಿ ಅವಕ್ಕೂ ಒಣ ಜಾಗ ಬೇಕು, ಎಂಜಿನ್ ಮೇಲಿನ ಬೆಚ್ಚಗಿನ ಮೂಲೆ ಸಿಕ್ಕರೆ ಬಿಡುತ್ತವಾ? ಬಾನೆಟ್ ಎತ್ತಿದಾಗ ಒಣಎಲೆಯ ಗೂಡು, ಕಾಫಿ ಸಿಪ್ಪೆ, ಪಕ್ಕದಲ್ಲಿ ವೈರಿನ ಪ್ಲಾಸ್ಟಿಕ್ ಚೂರು ಕಂಡರೆ ಅಲ್ಲಿಂದಲೇ ಹುಡುಕಾಟ ಶುರುಮಾಡಿ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನ ಗಮನಿಸುವುದಿಲ್ಲ. ತೋಟದ ಶೆಡ್ಡಿನಲ್ಲಿ ಕಾರಿನ ಪಕ್ಕದಲ್ಲೇ ಗೊಬ್ಬರದ ಚೀಲ ಜೋಡಿಸಿರುತ್ತೇವೆ. ಪೊಟ್ಯಾಷ್ ಒಂದು ಬಗೆಯ ಉಪ್ಪು. ಅದರ ಪುಡಿ ಬಿದ್ದ ಒದ್ದೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ನಮ್ಮ ಕಾರಿನ ಬಲಗಡೆಯ ಹಿಂದಿನ ಚಕ್ರ ವರ್ಷಗಟ್ಟಲೆ ಚೀಲದ ರಾಶಿಗೆ ತಾಗಿಕೊಂಡೇ ನಿಂತಿತ್ತು. ಆ ಚಕ್ರದ ಹೆಸರು ಮುಂದೆ ಮತ್ತೆ ಬರುತ್ತದೆ.

ಕಡಿದ ವೈರ್ ಜೋಡಿಸುವಾಗ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಟ್ಯೂಬ್ ಹಾಕಿ. ಎರಡು ವೈರ್ ಒಂದಕ್ಕೊಂದು ಹೆಣೆದಂತೆ ಇದ್ದರೆ ಮತ್ತೆ ಹಾಗೇ ಹೆಣೆಯಿರಿ. ಹೊರಗಿನ ಕರೆಂಟಿನ ಗದ್ದಲ ಸಿಗ್ನಲಿಗೆ ಸೇರದಿರಲಿ ಅಂತಲೇ ಹಾಗೆ ಹೆಣೆದಿರುತ್ತಾರೆ. ಚಕ್ರದ ಜೊತೆ ಅಲುಗಾಡುವ ಭಾಗದಲ್ಲಿ ಜಾಯಿಂಟ್ ಬೇಡ, ಅಲ್ಲಿ ಕಡಿದಿದ್ದರೆ ಸೆನ್ಸರನ್ನೇ ವೈರ್ ಸಮೇತ ಬದಲಿಸಿ.

ಕೋಡ್ ಓದುವುದು

ದೋಷ ಕಂಡರೆ ಯೂನಿಟ್ ಅದನ್ನು ಒಂದು ಕೋಡ್ ಆಗಿ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಓದಲು 1990ರ ದಶಕದ ಕೊನೆಯ ಕಾರುಗಳಲ್ಲಿ ಸ್ಟಿಯರಿಂಗ್ ಹತ್ತಿರ 16 ಪಿನ್ನಿನ ಸಾಕೆಟ್ ಇರಬಹುದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ರೀಡರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಎಬಿಎಸ್ ಕೋಡಿಗೆ ಆ ಕಂಪನಿಯ ಕಾರಿನ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಬೇಕು.

'ಬಲ ಹಿಂದಿನ ಸೆನ್ಸರ್' ಅಂತ ಕೋಡ್ ಬಂದರೆ ಸೆನ್ಸರ್ ಸತ್ತಿದೆ ಅಂತ ಅಲ್ಲ. ಆ ಮೂಲೆಯಿಂದ ಸಿಗ್ನಲ್ ಸರಿ ಬರುತ್ತಿಲ್ಲ ಅಂತ ಅಷ್ಟೇ. ಸೆನ್ಸರ್, ವೈರ್, ಕನೆಕ್ಟರ್, ರಿಂಗ್, ಬೇರಿಂಗ್, ಐದರಲ್ಲಿ ಯಾವುದಾದರೂ ಆಗಬಹುದು. ಕೋಡ್ ನೋಡಿದ ಕೂಡಲೇ ಸೆನ್ಸರ್ ಆರ್ಡರ್ ಮಾಡಿ ದುಡ್ಡು ಕಳಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಕಾರಿನಲ್ಲಂತೂ ಕೋಡೇ ಇರಲಿಲ್ಲ.

ಕೋಡ್ ಇಲ್ಲದೆ ಪೆಡಲ್ ನಡುಗಿದಾಗ ಅದು ಎಬಿಎಸ್ಸೋ, ಸೊಟ್ಟಗಾದ ಬ್ರೇಕ್ ಡಿಸ್ಕೋ ಅಂತ ಮೊದಲು ತಿಳಿಯಬೇಕು. ಇದಕ್ಕೆ ಒಂದು ಸುಲಭ ದಾರಿ ಇದೆ. ಕಾಫಿ ಒಣಗಿಸುವ ಕಣ ಖಾಲಿ ಇರುವಾಗ ಅಲ್ಲೇ ಎಬಿಎಸ್ ಫ್ಯೂಸ್ ಕಿತ್ತು, 15 ಕಿಮೀ ವೇಗದಲ್ಲಿ ನಾಲ್ಕೈದು ಸಲ ಮೆಲ್ಲಗೆ ನಿಲ್ಲಿಸಿ. ನಡುಕ ನಿಂತರೆ ಎಬಿಎಸ್. ನಿಲ್ಲದಿದ್ದರೆ ಡಿಸ್ಕ್ ಕಡೆ ನೋಡಿ. ನನ್ನದು ನಿಂತಿತು. ಪರೀಕ್ಷೆ ಮುಗಿದ ಮೇಲೆ ಫ್ಯೂಸ್ ವಾಪಸ್ ಹಾಕಿ, ಫ್ಯೂಸ್ ಇಲ್ಲದೆ ರಸ್ತೆಗೆ ಇಳಿಯಬೇಡಿ.

ಸೆನ್ಸರ್ ಅಳೆಯುವುದು

ನಮ್ಮ ಅಂಗಳಗಳು ಇಳಿಜಾರು. ಜಾಕ್ ಹಾಕುವ ಮೊದಲು ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಕಲ್ಲು ಕೊಡಿ. ಹಿಂದಿನ ಚಕ್ರ ತಿರುಗಿಸಲು ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಆಗ ಕಾರನ್ನು ಹಿಡಿದು ನಿಲ್ಲಿಸುವುದು ಆ ಕಲ್ಲುಗಳೇ. ಜಾಕ್ ಮೇಲೆ ನಂಬಿಕೆ ಬೇಡ, ಸ್ಟ್ಯಾಂಡ್ ಇಡಿ.

ಮೊದಲು ನಿಮ್ಮ ಕಾರಿನ ಸೆನ್ಸರ್ ಯಾವ ಜಾತಿಯದ್ದು ಅಂತ ತಿಳಿಯಿರಿ. ಹಳೆಯದು ಅಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿದ್ದು, ಅದು ತಾನೇ ಕರೆಂಟ್ ಹುಟ್ಟಿಸುತ್ತದೆ. ಹೊಸ ಜಾತಿಯದ್ದಕ್ಕೆ ಯೂನಿಟ್ ಕಡೆಯಿಂದ ಕರೆಂಟ್ ಬೇಕು. ಹೊಸದರ ಮೇಲೆ ಓಮ್ ಅಳೆಯಲು ಹೋಗಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ, ಹಾಳೂ ಆಗಬಹುದು. ಸರ್ವಿಸ್ ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡೇ ಮುಂದೆ ಹೋಗಿ.

ನಮ್ಮದು ಹಳೇ ಜಾತಿ. ಕನೆಕ್ಟರ್ ಬಿಚ್ಚಿ ಎರಡು ಪಿನ್ನಿನ ನಡುವೆ ಅಳೆದರೆ ನಾಲ್ಕೂ 1,050ರಿಂದ 1,100 ಓಮ್ ಒಳಗೆ ಬಂದವು. ಬೇರೆ ಕಾರಿನಲ್ಲಿ ಇದು ಬೇರೆ ಇರುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು ಅನ್ನುವುದು ಮುಖ್ಯ. ಒಂದು ಮಾತ್ರ ದೂರ ಹೋದರೆ ಕಳ್ಳ ಸಿಕ್ಕಿದ ಹಾಗೆ. ಒಂದೊಂದು ಪಿನ್ನಿನಿಂದ ಕಾರಿನ ಬಾಡಿಗೂ ಅಳೆಯಿರಿ, ಅಲ್ಲಿ ಏನೂ ಸಂಪರ್ಕ ಇರಬಾರದು.

ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಚಕ್ರವನ್ನು ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು ಸಿಕ್ಕರೂ ಸೆನ್ಸರ್ ಬದುಕಿದೆ ಅಂತ ಅರ್ಥ. ಜೋರಾಗಿ ತಿರುಗಿಸಿದರೆ ಏರಬೇಕು. ಅಳೆಯುತ್ತಿರುವಾಗಲೇ ವೈರನ್ನು ಬೆರಳಿನಲ್ಲಿ ಉದ್ದಕ್ಕೂ ಬಗ್ಗಿಸುತ್ತಾ ಹೋಗಿ. ಒಳಗೆ ಕಡಿದ ಜಾಗ ಬಂದಾಗ ಅಂಕಿ ಬೀಳುತ್ತದೆ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗಿನ ಆಟವನ್ನೂ ನೋಡಿ. ಬೇರಿಂಗ್ ಸಡಿಲವಾದರೆ ಸೆನ್ಸರಿಗೂ ಹಲ್ಲಿಗೂ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತಿರುತ್ತದೆ. ಅದು ಹೆಚ್ಚೆಂದರೆ ಸುಮಾರು ಒಂದು ಮಿಲಿಮೀಟರಿನ ಸಂದು.

ನನಗೆ ಈ ಎಲ್ಲ ಪರೀಕ್ಷೆಯಲ್ಲೂ ನಾಲ್ಕೂ ಪಾಸ್ ಆದವು. ಅಲ್ಲೇ ನಾನು ಸೋತು ಕೂತದ್ದು.

ಬಳೆಯ ಬಿರುಕು

ಕುಶಾಲನಗರದಲ್ಲಿ ಟಿವಿ ರಿಪೇರಿ ಮಾಡುವ ಒಬ್ಬರಿದ್ದಾರೆ, ಚಿಕ್ಕಂದಿನಿಂದ ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರ ಹತ್ತಿರ ಹೋಗಿ ಹೇಳಿದೆ: "ಅಣ್ಣ, ಮೀಟರಿನಲ್ಲಿ ಎಲ್ಲ ಸರಿ ತೋರಿಸ್ತಿದೆ. ಆದ್ರೂ ಪೆಡಲ್ ನಡುಗ್ತದೆ."

"ಮೀಟರ್ ಸರಾಸರಿ ತೋರಿಸೋದು ಮಾರಾಯ," ಅಂದರು. "ಸುತ್ತಲ್ಲಿ ಒಂದೇ ಒಂದು ಹಲ್ಲು ಏರುಪೇರಾದ್ರೆ ಅದಕ್ಕೆ ಎಲ್ಲಿ ಗೊತ್ತಾಗ್ತದೆ? ಅಲೆಯನ್ನೇ ನೋಡ್ಬೇಕು."

ಭಾನುವಾರ ಸಿಗ್ನಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ತಮ್ಮ ಸಣ್ಣ ಆಸಿಲೋಸ್ಕೋಪ್ ಹಿಡಿದುಕೊಂಡು ಮನೆಗೇ ಬಂದರು. ಮೂರು ಚಕ್ರಗಳ ಅಲೆ ಬಾಚಣಿಗೆಯ ಹಲ್ಲಿನಂತೆ ಒಂದೇ ಸಮ. ಬಲ ಹಿಂದಿನದ್ದು ತಿರುಗಿಸಿದಾಗ ಬಾಚಣಿಗೆ ಸರಿಯಾಗಿಯೇ ಓಡಿತು, ಓಡುತ್ತಾ ಓಡುತ್ತಾ ಒಂದು ಕಡೆ ಅಲೆ ಅಗಲವಾಗಿ ಹಿಗ್ಗಿ ಮತ್ತೆ ಸರಿಯಾಯಿತು. ಇನ್ನೊಂದು ಸುತ್ತು, ಮತ್ತೆ ಅದೇ. ಚಕ್ರದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನೋಡಿದೆವು. ಪ್ರತಿ ಸಲವೂ ಗುರುತು ಒಂದೇ ಜಾಗಕ್ಕೆ ಬಂದಾಗ ಅಲೆ ಹಿಗ್ಗುತ್ತಿತ್ತು.

ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಈ ಕಾರಿನಲ್ಲಿ ಹಿಂದಿನ ರಿಂಗ್ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಮೇಲೆ ಬಿಗಿಯಾಗಿ ಕೂತಿರುತ್ತದೆ. ಕೆಸರನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿ ತೆಗೆದಾಗ ಎರಡು ಹಲ್ಲಿನ ನಡುವೆ ಕೂದಲಿಗಿಂತ ಸ್ವಲ್ಪ ದಪ್ಪದ ಗೆರೆ ಕಂಡಿತು. ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತಿತ್ತು. ರಿಂಗಿನ ಅಡಿಯಲ್ಲಿ ತುಕ್ಕು ಪದರ ಪದರವಾಗಿ ಉಬ್ಬಿ, ಒಳಗಿನಿಂದ ತಳ್ಳಿ ತಳ್ಳಿ ರಿಂಗನ್ನೇ ಸೀಳಿತ್ತು. ಬೆರಳಿಗೆ ಹತ್ತಿದ್ದು ಕೆಂಪು ಪುಡಿ. ಗೊಬ್ಬರದ ಚೀಲದ ಪಕ್ಕದ ಚಕ್ರ ಅದೇ.

ಗೇಟಿನ ಹತ್ತಿರವೇ ಯಾಕೆ ನಡುಗುತ್ತಿತ್ತು ಅಂತಲೂ ಆಗ ಅರ್ಥವಾಯಿತು. ವೇಗದಲ್ಲಿ ಹೋಗುವಾಗ ಹಲ್ಲುಗಳು ಎಷ್ಟು ಬೇಗ ಹಾದುಹೋಗುತ್ತವೆ ಅಂದರೆ ಒಂದು ಸಂದು ಯೂನಿಟ್ಟಿನ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ನಿಲ್ಲುವ ಹೊತ್ತಿನಲ್ಲಿ ಹಲ್ಲು ಒಂದೊಂದಾಗಿ ಬರುತ್ತವೆ, ಸಿಗ್ನಲೂ ಸಣ್ಣದಾಗಿರುತ್ತದೆ. ಬಿರುಕಿನ ಜಾಗದಲ್ಲಿ ಮುಂದಿನ ಹಲ್ಲು ತಡವಾಗಿ ಬಂದಾಗ ಈ ಚಕ್ರ ಲಾಕ್ ಆಯಿತು ಅಂತ ಯೂನಿಟ್ ತಿಳಿದು ಬ್ರೇಕ್ ಬಿಟ್ಟುಬಿಡುತ್ತಿತ್ತು. ಲೈಟ್ ಹೊತ್ತಿಸುವಷ್ಟು ದೊಡ್ಡ ತಪ್ಪು ಅದಕ್ಕೆ ಕಂಡಿರಲೇ ಇಲ್ಲ.

ಹೊಸ ರಿಂಗ್ ತರಿಸುವಾಗ ಹಲ್ಲು ಎಣಿಸಿ. ನಮ್ಮದರಲ್ಲಿ 48. ಒಂದು ಹೆಚ್ಚುಕಡಿಮೆ ಆದರೂ ಆ ಚಕ್ರದ ವೇಗ ಉಳಿದವಕ್ಕೆ ಹೊಂದುವುದಿಲ್ಲ. ಕೂರುವ ಜಾಗದ ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವ ತನಕ ವೈರ್ ಬ್ರಷ್ಷಿನಲ್ಲಿ ತೆಗೆಯಿರಿ. ರಿಂಗನ್ನು ಬಿಸಿ ಮಾಡಿದರೆ ಹಿಗ್ಗಿ ಜಾಗಕ್ಕೆ ಇಳಿಯುತ್ತದೆ, ತಣ್ಣಗಾದಾಗ ತಾನೇ ಕಚ್ಚಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಹೊಸದೂ ಬಿರಿಯುತ್ತದೆ. ಸೆನ್ಸರಿನ ತುದಿಯನ್ನೂ ಒರೆಸಿ, ಅದರ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿಕೊಂಡಿರುತ್ತದೆ.

ಯೂನಿಟ್ ಮೇಲೆ ಯಾವಾಗ ಅನುಮಾನ

ನಾಲ್ಕು ಮೂಲೆಯ ಸಿಗ್ನಲ್ ಯೂನಿಟ್ಟಿನ ಕನೆಕ್ಟರ್ ತನಕ ಸರಿಯಾಗಿ ಬರುತ್ತಿದೆ, ಕರೆಂಟ್ ಸರಿ, ಅರ್ತ್ ಸರಿ, ಆದರೂ ಲೈಟ್ ಆರುವುದಿಲ್ಲ ಅಂದಾಗ ಮಾತ್ರ. ಹಳೇ ಯೂನಿಟ್ಟಿನಲ್ಲಿ ಒಳಗಿನ ಬೆಸುಗೆ ಬಿರುಕು ಬಿಡುವುದುಂಟು. ಎಂಜಿನ್ ಕಾದ ಮೇಲೆ ಲೈಟ್ ಬಂದು ತಣ್ಣಗಾದರೆ ಹೋಗುವುದು ಅದರ ಒಂದು ಗುರುತು. ಹಲವು ಯೂನಿಟ್ಟುಗಳಲ್ಲಿ ಎಲೆಕ್ಟ್ರಾನಿಕ್ ಭಾಗವನ್ನು ಮಾತ್ರ ಬಿಚ್ಚಿ ರಿಪೇರಿಗೆ ಕೊಡಬಹುದು, ಬ್ರೇಕ್ ಪೈಪ್ ಮುಟ್ಟಬೇಕಿಲ್ಲ. ಪೈಪ್ ಬಿಚ್ಚಿದ್ದೇ ಆದರೆ ಒಳಗೆ ಸಿಕ್ಕಿದ ಗಾಳಿ ತೆಗೆಯಲು ವಾಲ್ವ್ ಮತ್ತು ಪಂಪ್ ಓಡಿಸಬಲ್ಲ ಸ್ಕ್ಯಾನರ್ ಬೇಕಾಗಬಹುದು. ಆ ಕೆಲಸ ಬಲ್ಲವರ ಹತ್ತಿರವೇ ಮಾಡಿಸಿ.

ಕೆಲಸ ಮುಗಿದ ಮೇಲೆ ನಾನು ಮೊದಲು ಕಣದಲ್ಲೇ ನೋಡಿದೆ. ಆಮೇಲೆ ಬೆಳಿಗ್ಗೆ ಬೇಗ ಕುಶಾಲನಗರದ ಕಡೆಯ ಸಮತಟ್ಟು ರಸ್ತೆಗೆ ಹೋದೆ. ಸಿದ್ದಾಪುರದ ಕಡೆ ಆ ಹೊತ್ತಿನಲ್ಲಿ ಆನೆ ದಾಟುತ್ತವೆ, ಅಲ್ಲಿ ಬ್ರೇಕ್ ಪರೀಕ್ಷೆ ಬೇಡ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ರಸ್ತೆ ಬದಿಯ ಜಲ್ಲಿಯ ಮೇಲೆ 30 ಕಿಮೀ ವೇಗದಲ್ಲಿ ಗಟ್ಟಿಯಾಗಿ ಒತ್ತಿದೆ. ಅಲ್ಲಿ ಪೆಡಲ್ ನಡುಗಲೇಬೇಕು, ನಡುಗಿತು, ಚಕ್ರ ಲಾಕ್ ಆಗಲಿಲ್ಲ. ಮನೆಗೆ ಬಂದು ಗೇಟಿನ ಮುಂದೆ ಮೆಲ್ಲಗೆ ಬ್ರೇಕ್ ಹಿಡಿದೆ. ಕಾಲಡಿಯಲ್ಲಿ ಏನೂ ಸದ್ದಿಲ್ಲ. ಕಾರು ನಿಲ್ಲಬೇಕಾದ ಜಾಗದಲ್ಲೇ ನಿಂತಿತು. ಗೊಬ್ಬರದ ಚೀಲಗಳನ್ನು ಅವತ್ತೇ ಮಧ್ಯಾಹ್ನ ಬೇರೆ ಶೆಡ್ಡಿಗೆ ಸಾಗಿಸಿದೆವು.